ಅವರು ಅಂದ್ರೆ ಎಷ್ಟು ಜನ?

ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನದು ಮೂರು ಖಾಯಂ ಪ್ರಶ್ನೆಗಳು. ಊಟ ಆಯ್ತಾ? ಅಲ್ಲಿ ಚಳಿ ಹೇಗಿದೆ? ಮೂರನೆಯದು ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. "ನೀನು ಅಲ್ಲಿ ಏನು ಕೆಲಸ ಮಾಡೋದು ಅಂತ ಪಕ್ಕದ ಮನೆಯವರು ಕೇಳಿದ್ರು. ಏನಂತ ಹೇಳ್ಲೇ?"

"ಕೋರ್ಟಿಗೆ ಸಂಬಂಧಪಟ್ಟದ್ದು ಅಂತ ಹೇಳಮ್ಮ."

"ಲಾಯರಾ?"

"ಅಲ್ಲ."

"ಪೊಲೀಸಾ?"

"ಅಯ್ಯೋ, ಅಲ್ಲಮ್ಮ."

"ಮತ್ತೆ ಕೋರ್ಟಲ್ಲಿ ಏನು ಮಾಡ್ತೀಯ?"

"ಏಟು ತಿಂದು ಬಂದವರ ಪಕ್ಕ ಕೂತ್ಕೊಳ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದಕ್ಕೂ ಸಂಬಳ ಕೊಡ್ತಾರೇನೇ?"

ಕೊಡ್ತಾರೆ :) ತುಂಬ ಅಲ್ಲ, ಆದ್ರೆ ಕೊಡ್ತಾರೆ.

ಅಮ್ಮನಿಗೆ ಸರಿಯಾಗಿ ಬಿಡಿಸಿ ಹೇಳೋಕೆ ಇಷ್ಟು ವರ್ಷ ಆದ್ರೂ ನನ್ನ ಕೈಲಿ ಆಗಿಲ್ಲ. ಇವತ್ತು ಬರೆದಾದರೂ ನೋಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡ್ಕೊಂಡು ಬನ್ನಿ.

ನಾನು ಇರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಈ ರಾಜ್ಯದಲ್ಲಿ 21 ಕೌಂಟಿಗಳು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಪ್ರತಿ ಕೌಂಟಿಗೂ ಒಂದು ಪ್ರಾಸಿಕ್ಯೂಟರ್ ಆಫೀಸು, ಅಂದ್ರೆ ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವ ಕಚೇರಿ. ಅದರೊಳಗೇ ಒಂದು ಸಣ್ಣ ವಿಭಾಗ ನಮ್ಮದು. ನನ್ನ ಹುದ್ದೆಯ ಹೆಸರು ವಿಕ್ಟಿಮ್ ಅಡ್ವೊಕೇಟ್. ತೊಂದರೆ ಶುರುವಾಗೋದೇ ಇಲ್ಲಿ. ನಮ್ಮ ಕಡೆ ಅಡ್ವೊಕೇಟ್ ಅಂದ್ರೆ ಕಪ್ಪು ಕೋಟು, ಬಿಳಿ ಬ್ಯಾಂಡು, ನೋಟರಿ. ನಾನು ಕೋಟು ಹಾಕುವವಳಲ್ಲ, ವಾದ ಮಾಡುವವಳಲ್ಲ. ಓದಿದ್ದು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ.

ಕ್ರಿಮಿನಲ್ ಕೇಸಿನಲ್ಲಿ ಎರಡೇ ಪಕ್ಷ, ಸರ್ಕಾರ ಮತ್ತು ಆರೋಪಿ. ಏಟು ತಿಂದವರು ಯಾವ ಪಕ್ಷವೂ ಅಲ್ಲ, ಬರೀ ಸಾಕ್ಷಿ. ಅವರಿಗೆ ಕೇಸು ಎಲ್ಲಿಗೆ ಬಂತು ಅಂತ ಯಾರೂ ಹೇಳುತ್ತಿರಲಿಲ್ಲ. ಆರೋಪಿ ಬಿಡುಗಡೆ ಆದದ್ದು ಅವನೇ ಮನೆ ಬಾಗಿಲಿಗೆ ಬಂದು ನಿಂತಾಗ ಗೊತ್ತಾಗುತ್ತಿತ್ತು. ಇದನ್ನು ಸರಿಪಡಿಸಬೇಕು ಅಂತ 1970ರ ದಶಕದಲ್ಲಿ ಇಲ್ಲಿ ಕೂಗೆದ್ದು, ನಮ್ಮಂಥ ಹುದ್ದೆಗಳು ಹುಟ್ಟಿಕೊಂಡವು. 1984ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದು ನಿಧಿ ಮಾಡಿತು. ಆ ನಿಧಿಗೆ ಬರುವುದು ತೆರಿಗೆ ಕಟ್ಟುವವರ ದುಡ್ಡಲ್ಲ, ಫೆಡರಲ್ ಕೋರ್ಟುಗಳಲ್ಲಿ ಅಪರಾಧಿಗಳು ಕಟ್ಟುವ ದಂಡ. ಹೊಡೆದವರು ಕಟ್ಟಿದ ದಂಡದಲ್ಲಿ ಹೊಡೆಸಿಕೊಂಡವರ ಆಸ್ಪತ್ರೆ ಬಿಲ್ಲು. ಈ ಲೆಕ್ಕ ಅಮ್ಮನಿಗೆ ತಕ್ಷಣ ಅರ್ಥ ಆಯ್ತು, ಖುಷಿಯೂ ಆಯ್ತು.

ದಿನದ ಕೆಲಸ ಅಂದ್ರೆ ಹೆಚ್ಚು ಪಾಲು ಫೋನು. "ನಾಳೆ ಬರಬೇಡಿ, ಕೇಸು ಮುಂದಕ್ಕೆ ಹೋಗಿದೆ." "ಅವನು ಇವತ್ತು ಜೈಲಿಂದ ಹೊರಗೆ ಬರ್ತಿದ್ದಾನೆ, ಎಲ್ಲಿದ್ದೀರಿ?" ಪರಿಹಾರದ ಅರ್ಜಿ ತುಂಬಿಸೋದು. ಕೋರ್ಟಿನ ದಿನ ಆರೋಪಿಯ ಅಣ್ಣ ತಮ್ಮ ಅತ್ತೆ ಮಾವ ಎಲ್ಲ ನಿಂತಿರುವ ಕಾರಿಡಾರು ಬಿಟ್ಟು ಹಿಂದಿನ ಲಿಫ್ಟಿನಲ್ಲಿ ಕರೆದುಕೊಂಡು ಹೋಗೋದು. ಕಟಕಟೆಗೆ ಹೋಗುವ ಮುಂಚೆ ನೀರು ಕುಡಿಸೋದು. ನನ್ನ ಚೀಲದಲ್ಲಿ ಟಿಶ್ಯೂ, ಫೋನ್ ಚಾರ್ಜರ್, ಮಕ್ಕಳಿಗೆ ಬಣ್ಣದ ಪೆನ್ಸಿಲ್, ಎರಡು ಪೊಟ್ಟಣ ಬಿಸ್ಕತ್ತು ಯಾವಾಗಲೂ ಇರುತ್ತವೆ.

ಇಷ್ಟೇ ಆಗಿದ್ದರೆ ಬರೆಯೋಕೆ ಕೂರುತ್ತಿರಲಿಲ್ಲ. ಈ ಕೆಲಸಕ್ಕೆ ಒಂದು ಮುಳ್ಳಿದೆ.

ಸೇರಿದ ಮೊದಲ ವಾರದ ಟ್ರೈನಿಂಗಿನಲ್ಲೇ ನಮಗೆ ಒಂದು ಮಾತನ್ನು ಗಿಳಿಪಾಠ ಮಾಡಿಸುತ್ತಾರೆ. ಎದುರು ಬಂದು ಕೂತವರಿಗೆ, ಅವರು ಬಾಯಿ ತೆರೆಯುವ ಮುಂಚೆ, ಹೇಳಲೇಬೇಕಾದ ಮಾತು: "ನಾನು ಪ್ರಾಸಿಕ್ಯೂಟರ್ ಆಫೀಸಿನವಳು. ನೀವು ನನಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಯಾಕೆ ಅಂದ್ರೆ, 1963ರಲ್ಲಿ ಬ್ರೇಡಿ ವರ್ಸಸ್ ಮೇರಿಲ್ಯಾಂಡ್ ಅನ್ನೋ ಕೇಸಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಒಂದು ಕಟ್ಟು ಹಾಕಿತು. ಆರೋಪಿಗೆ ಅನುಕೂಲವಾಗುವ ಮಹತ್ವದ ಸಂಗತಿ ಸರ್ಕಾರದ ಕಡೆಯವರ ಕೈಯಲ್ಲಿದ್ದರೆ ಅದನ್ನು ಮುಚ್ಚಿಡುವಂತಿಲ್ಲ, ಅವನ ವಕೀಲರಿಗೆ ಕೊಡಬೇಕು. ನಾನು ಸರ್ಕಾರದ ಕಡೆಯವಳು. ನನ್ನ ಕಿವಿಗೆ ಬಿದ್ದದ್ದು ಸರ್ಕಾರದ ಕಿವಿಗೆ ಬಿದ್ದ ಹಾಗೆ. ಹೊರಗಿನ ಮಹಿಳಾ ಸಂಸ್ಥೆಗಳಲ್ಲಿ ತರಬೇತಿ ಪಡೆದ ಕೌನ್ಸೆಲರ್‌ಗಳಿರುತ್ತಾರಲ್ಲ, ಅವರಿಗೆ ಹೇಳಿಕೊಂಡ ಮಾತಿಗೆ ನ್ಯೂಜೆರ್ಸಿಯ ಕಾನೂನಿನಲ್ಲಿ ರಕ್ಷಣೆ ಇದೆ. ನಮಗೆ ಆ ರಕ್ಷಣೆ ಇಲ್ಲ. ಹಾಗಾಗಿ ಪಕ್ಕದಲ್ಲಿ ಕೂರುವವಳ ಮೊದಲ ಮಾತೇ "ನನಗೆ ಎಲ್ಲಾ ಹೇಳ್ಬೇಡಿ" ಅಂತ. ವಿಚಿತ್ರ ಅಲ್ವಾ?

ಈ ಮಾತನ್ನು ಇಂಗ್ಲಿಷಿನಲ್ಲಿ ನಾನು ನೂರಾರು ಸಲ ಹೇಳಿದ್ದೆ. ಕನ್ನಡದಲ್ಲಿ ಹೇಳುವ ಪ್ರಸಂಗ ಬಂದಾಗ ತಡವಾಗಿ ಹೇಳಿದೆ. ಆ ಕತೆಯೇ ಇದು. ಗುರುತು ಸಿಗದ ಹಾಗೆ ಊರು, ವರ್ಷ, ಕೆಲವು ವಿವರ ಬದಲಿಸಿದ್ದೇನೆ.

ಒಂದು ಸೋಮವಾರ ನಮ್ಮ ಅಸಿಸ್ಟೆಂಟ್ ಪ್ರಾಸಿಕ್ಯೂಟರ್ ಫೈಲು ಹಿಡಿದು ನನ್ನ ಟೇಬಲ್ ಹತ್ತಿರ ಬಂದರು. ಶನಿವಾರ ರಾತ್ರಿ ಅಪಾರ್ಟ್‌ಮೆಂಟ್ ಒಂದರಲ್ಲಿ ಗಲಾಟೆ. ಗಂಡ ಹೆಂಡತಿ ಇಬ್ಬರೂ ಇಂಡಿಯಾದವರು. ಅವಳಿಗೆ ಇಂಗ್ಲಿಷು ಅಷ್ಟಾಗಿ ಬರುವುದಿಲ್ಲ. ಪೊಲೀಸರು ಫೋನಿನಲ್ಲಿ ದುಭಾಷಿಯನ್ನು ಹಿಡಿದು ಹೇಳಿಕೆ ತಗೊಂಡಿದ್ದಾರೆ. ಹೇಳಿಕೆಯಲ್ಲಿ ಹೀಗಿತ್ತು: ತನ್ನ ಮನೆಮಂದಿ ಕತ್ತು ಹಿಸುಕಿದರು, ಅವರು ಆಗಾಗ ಕೈಯಿಂದ ಏನೋ ಮಾಡುತ್ತಾರೆ, ಅವರು ಬಾಗಿಲು ಹಾಕಿಕೊಂಡು ಹೋದರು.

"ಇವರು ಅಂದ್ರೆ ಎಷ್ಟು ಜನ? ಮನೇಲಿ ಗಂಡ ಒಬ್ಬನೇ ಇದ್ದದ್ದು. ಉಳಿದವರು ಎಲ್ಲಿ ಹೋದರು?" ಅಂತ ಅವರು ಕೇಳಿದರು.

ಭಾಷೆ ಯಾವುದು ಅಂತ ನೋಡಿದೆ. ಕನ್ನಡ ಅಂತಿತ್ತು. ಮೈ ಜುಮ್ಮೆಂದಿತು.

ನಿಮಗೆ ಈಗಾಗಲೇ ಗೊತ್ತಾಗಿರುತ್ತೆ. ಆಕೆ ಹೇಳಿದ್ದು "ನಮ್ಮನೆಯವರು ಕತ್ತು ಹಿಸುಕಿದ್ರು" ಅಂತ. "ಆಗಾಗ ಕೈ ಮಾಡ್ತಾರೆ" ಅಂತ. ಗಂಡನ ಹೆಸರು ಹಿಡಿದು ಹೇಳದ, ಏಕವಚನದಲ್ಲಿ ಕರೆಯದ ಹೆಂಗಸು ಮತ್ತೆ ಹೇಗೆ ಹೇಳಬೇಕು? ನಮ್ಮ ಅಜ್ಜಿ ಸಾಯುವ ತನಕ ತಾತನ ಹೆಸರು ಹೇಳಲಿಲ್ಲ, ರೇಷನ್ ಅಂಗಡಿಯಲ್ಲೂ. ಫೋನಿನ ಆ ಕಡೆ ಇದ್ದ ದುಭಾಷಿ ಮನೆಯವರು ಅನ್ನುವುದನ್ನು ಮನೆಮಂದಿ ಅಂತ ಮಾಡಿದರು, ಅವರು ಅನ್ನುವುದನ್ನು ಬಹುವಚನ ಮಾಡಿದರು. ಹೊಡೆದವನಿಗೆ ಕೊಟ್ಟ ಮರ್ಯಾದೆ ಪೊಲೀಸ್ ಕಾಗದದಲ್ಲಿ ಒಂದು ಗುಂಪಾಗಿ ಬಂದು ನಿಂತಿತ್ತು.

ನಾನು ಇದನ್ನೆಲ್ಲ ವಿವರಿಸಿದೆ. ಅವರು ನಕ್ಕುಬಿಟ್ಟರು, ಆಮೇಲೆ ಗಂಭೀರವಾದರು. ಇದು ಹೀಗೇ ಉಳಿದರೆ ನಾಳೆ ಆರೋಪಿ ಪರ ವಕೀಲರು "ಮೊದಲು ಹಲವರು ಅಂದಳು, ಈಗ ಗಂಡ ಅನ್ನುತ್ತಾಳೆ, ಮಾತು ಬದಲಿಸುತ್ತಿದ್ದಾಳೆ" ಅಂತ ಪಾಟೀ ಸವಾಲಿನಲ್ಲಿ ಹಿಡಿಯುತ್ತಾರೆ. ಸರಿಪಡಿಸಬೇಕು, ಆದರೆ ನಾನು ಸರಿಪಡಿಸುವಂತಿಲ್ಲ. ನಾನು ಅನುವಾದ ಮಾಡಿದರೆ ನಾನೇ ಸಾಕ್ಷಿಯಾಗಿಬಿಡುತ್ತೇನೆ. ಕನ್ನಡದ ಅಧಿಕೃತ ದುಭಾಷಿ ಹುಡುಕಿ ಹೊಸದಾಗಿ ಹೇಳಿಕೆ ತೆಗೆದುಕೊಳ್ಳಬೇಕು. ಸ್ಪ್ಯಾನಿಷ್ ದುಭಾಷಿಗಳು ಅದೇ ದಿನ ಸಿಗುತ್ತಾರೆ. ಕನ್ನಡಕ್ಕೆ ಒಂಬತ್ತು ದಿನ ಹಿಡಿಯಿತು.

ಆ ಒಂಬತ್ತು ದಿನಗಳ ನಡುವೆ ಆಕೆ ನನ್ನನ್ನು ನೋಡಲು ಬಂದಳು. ಕೋರ್ಟಿನ ತಾರೀಕುಗಳನ್ನು ತಿಳಿಸುವುದಕ್ಕೆ ನಾನೇ ಬರಹೇಳಿದ್ದೆ.

ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಹುಡುಗಿ. ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಿದ್ದಳು, ಆದರೆ ಅಲ್ಲಿ ಮುಚ್ಚಿಡುವಂಥ ಗುರುತೇನೂ ಇರಲಿಲ್ಲ. ಕತ್ತು ಹಿಸುಕಿದಾಗ ಎಷ್ಟೋ ಸಲ ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ, ಒಳಗೆ ಮಾತ್ರ ಪೆಟ್ಟಾಗಿರುತ್ತದೆ. ಅದಕ್ಕೇ ದನಿ ಒಡೆದಿತ್ತಾ, ನುಂಗುವಾಗ ನೋವಾಗುತ್ತಿತ್ತಾ ಅಂತ ಕೇಳಲು ಇಲ್ಲಿನ ಪೊಲೀಸರಿಗೂ ನರ್ಸುಗಳಿಗೂ ಕಲಿಸುತ್ತಾರೆ. ಅವಳ ದನಿ ಇನ್ನೂ ಗೊಗ್ಗರಾಗಿತ್ತು.

"ಬನ್ನಿ, ಕೂತ್ಕೊಳ್ಳಿ. ಪಾರ್ಕಿಂಗ್ ಸಿಕ್ತಾ? ಯಾರ ಜೊತೆ ಬಂದ್ರಿ?" ಅಂದೆ.

ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವಳ ಮುಖ ನೋಡಬೇಕಿತ್ತು ನೀವು. "ನೀವು ನಮ್ಮ ಕಡೆಯವ್ರಾ ಅಕ್ಕಾ?" ಅಂದಳು. ಯಾವೂರು ಅಂದೆ. ಹಾಸನದ ಹತ್ತಿರ ಅಂದಳು. ನಮ್ಮ ಅತ್ತೆ ಮನೆಯೂ ಆ ಕಡೆಯೇ. ಮುಗೀತು. ಗಿಳಿಪಾಠ ಗಂಟಲಲ್ಲೇ ಉಳಿಯಿತು. ಒಂದು ನಿಮಿಷ ಇವಳು ಸುಧಾರಿಸಿಕೊಳ್ಳಲಿ, ಆಮೇಲೆ ಹೇಳಿದರಾಯ್ತು ಅಂದುಕೊಂಡೆ. ಹತ್ತು ದಿನದಿಂದ ತನ್ನ ಭಾಷೆಯಲ್ಲಿ ಒಬ್ಬರ ಮುಖ ನೋಡಿ ಮಾತಾಡದ ಹುಡುಗಿಗೆ, ಬಂದು ಕೂತ ಕೂಡಲೇ "ನೋಡಮ್ಮ, ನಾನು ನಿನ್ನ ಗುಟ್ಟು ಕಾಯುವವಳಲ್ಲ" ಅಂತ ಹೇಗೆ ಹೇಳೋದು?

ಅವಳು ಅತ್ತಳು, ಅಳುತ್ತಲೇ ಹೇಳುತ್ತಾ ಹೋದಳು. ಅತ್ತೆ ಮಾವ ಫೋನಿನಲ್ಲಿ ಬೈದದ್ದು. ಇವಳದು ಗಂಡನ ಮೇಲೆ ಅವಲಂಬಿತರಿಗೆ ಕೊಡುವ ಎಚ್-4 ವೀಸಾ, ಅವನ ಕೆಲಸ ಹೋದರೆ ಇವಳ ವೀಸಾನೂ ಹೋಗುತ್ತದೆ ಅನ್ನುವ ಹೆದರಿಕೆ. ಪಾಸ್‌ಪೋರ್ಟು, ಡಿಗ್ರಿ ಸರ್ಟಿಫಿಕೇಟು ಎಲ್ಲಾ ಅವನ ಬೀರುವಿನಲ್ಲಿರುವುದು. ನಾನು ಹೂಂ ಹೂಂ ಅನ್ನುತ್ತಿದ್ದೆ. ಬಾಯಿ ಹಾಕಿ ತಡೆಯಲು ಎರಡು ಸಲ ಹೊರಟೆ, ಎರಡು ಸಲವೂ ಆಗಲಿಲ್ಲ. ಆಗ ಅಂದಳು:

"ಅಕ್ಕಾ, ಪೊಲೀಸ್ನೋರ್ಗೆ ಒಂದು ಹೇಳಿಲ್ಲ. ಅವತ್ತು ಮೊದ್ಲು ಕೈ ಎತ್ತಿದ್ದು ನಾನೇ. ನಮ್ಮಪ್ಪನ್ನ ಬೈದ್ರು, ಚಪಾತಿ ಲಟ್ಟಿಸ್ತಾ ಇದ್ದೆ, ಲಟ್ಟಣಿಗೆ ತಗೊಂಡು ಕೈ ಮೇಲೆ ಹೊಡ್ದ್ಬಿಟ್ಟೆ. ಆಮೇಲೆ ಅವರು ಕತ್ತು ಹಿಡ್ಕೊಂಡಿದ್ದು."

ನನಗೆ ಕೂತ ಕುರ್ಚಿ ಕೆಳಗೆ ಇಳಿದ ಹಾಗಾಯ್ತು. ಫೈಲಿನಲ್ಲಿ ಓದಿದ್ದೆ. "ಅವಳೇ ಮೊದಲು ಹೊಡೆದಳು" ಅಂತ ಗಂಡ ಪೊಲೀಸರಿಗೆ ಹೇಳಿದ್ದ, ಮಣಿಕಟ್ಟಿನ ಬಾವು ತೋರಿಸಿದ್ದ. ಇವಳನ್ನು ಕೇಳಿದಾಗ "ಇಲ್ಲ, ನಾನು ಮುಟ್ಟೇ ಇಲ್ಲ" ಅಂದಿದ್ದಳು.

ಆಗ ಹೇಳಿದೆ ನಾನು ಗಿಳಿಪಾಠವನ್ನು. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದ ಹಾಗೆ. ಅವಳಿಗೆ ಅದು ಪೂರ್ತಿ ಅರ್ಥ ಆಗಲಿಲ್ಲ ಅನ್ನಿಸುತ್ತೆ. ತಲೆ ಆಡಿಸಿ, ಕಣ್ಣೊರೆಸಿಕೊಂಡು, "ನಿಮ್ಮ ಹತ್ರ ಹೇಳ್ಕೊಂಡು ಹಗುರ ಆಯ್ತು ಅಕ್ಕಾ" ಅಂತ ಹೋದಳು.

ಸಂಜೆ ಐದಕ್ಕೆ ಆಫೀಸು ಮುಗಿದ ಮೇಲೆ ಕಾರಿನಲ್ಲಿ ಕೂತೆ. ಸ್ಟಾರ್ಟ್ ಮಾಡಲಿಲ್ಲ. ಸುಳ್ಳು ಹೇಳಬಾರದು ನಿಮಗೆ, ಅವತ್ತು ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಆ ಕಟ್ಟಡದಲ್ಲಿ ಕನ್ನಡ ಬರುವುದು ನನ್ನೊಬ್ಬಳಿಗೆ. ನಾವಿಬ್ಬರು ಏನು ಮಾತಾಡಿದೆವು ಅಂತ ಗೋಡೆಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡರೆ ಯಾರಿಗೆ ಗೊತ್ತಾಗುತ್ತೆ? ಲಟ್ಟಣಿಗೆಯ ಏಟೆಲ್ಲಿ, ಕತ್ತು ಹಿಸುಕೋದೆಲ್ಲಿ? ಒಂದು ಬಾವು ಬರಿಸಿದರೆ ಇನ್ನೊಂದು ಉಸಿರು ನಿಲ್ಲಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗುತ್ತಾ?

ಅದೇ ಹೊತ್ತಿಗೆ ತಮ್ಮ ನೆನಪಾದ. ಅವನಿಗೂ ಮೂಗಿನ ಮೇಲೆ ಕೋಪ. ನಾಳೆ ಅವನ ಮೇಲೆ ಒಂದು ಕೇಸಾಗಿ, ಅವನು ಹೇಳಿದ ಒಂದು ನಿಜಕ್ಕೆ ಪುರಾವೆ ಸರ್ಕಾರಿ ಆಫೀಸಿನಲ್ಲಿ ಯಾವಳೋ ಒಬ್ಬಳ ಬಾಯಲ್ಲಿದ್ದು, ಅವಳು ತನ್ನ ಊರಿನವಳು ಅನ್ನುವ ಪ್ರೀತಿಗೆ ಅದನ್ನು ನುಂಗಿಕೊಂಡರೆ? ನಾನು ಅವಳಿಗೆ ಶಾಪ ಹಾಕದೆ ಬಿಡುತ್ತಿದ್ದೆನಾ? ಮೊದಲು ಕೈ ಎತ್ತಿದವರು ಯಾರು ಅನ್ನುವುದರಿಂದ ಕತ್ತು ಹಿಸುಕಿದ್ದು ಸರಿ ಆಗುವುದಿಲ್ಲ. ಆದರೆ ಅದನ್ನು ತೂಗಿ ನೋಡುವುದು ಜಡ್ಜಿಯ ಕೆಲಸ, ಜ್ಯೂರಿಯ ಕೆಲಸ. ಪಾರ್ಕಿಂಗ್ ಲಾಟಿನಲ್ಲಿ ಕೂತು ನಾನು ತೂಗುವಂತಿಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋಗಿ ಹೇಳಿದೆ. ಅಸಿಸ್ಟೆಂಟ್ ಪ್ರಾಸಿಕ್ಯೂಟರ್ ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳಿದರು. "ಬರೆದು ಕೊಡು" ಅಂದರು. ಬರೆದು ಕೊಟ್ಟೆ. ಆ ವಾರವೇ ಆರೋಪಿ ಪರ ವಕೀಲರಿಗೆ ಅದು ಹೋಯಿತು. ದುಭಾಷಿ ಬಂದ ದಿನ ಹೊಸ ಹೇಳಿಕೆಯಲ್ಲಿ ಆ ಪ್ರಶ್ನೆಯನ್ನೂ ಕೇಳಿದರು.

ಅವಳು ಉತ್ತರಿಸುವ ಮುಂಚೆ ನನ್ನ ಕಡೆ ತಿರುಗಿ ನೋಡಿದಳು. ಬೈಗುಳ ಎಷ್ಟೋ ತಿಂದಿದ್ದೇನೆ ಈ ಕೆಲಸದಲ್ಲಿ, ಆ ನೋಟದ ಹಾಗೆ ಯಾವುದೂ ನಾಟಿಲ್ಲ. ಆಮೇಲೆ ನಿಜ ಹೇಳಿದಳು. ಮುಗಿಸಿ ಹೊರಗೆ ಬಂದಾಗ ಕಾರಿಡಾರಿನಲ್ಲಿ ಮೆಲ್ಲಗೆ ಅಂದಳು, "ಕನ್ನಡದಲ್ಲಿ ಹೇಳ್ಕೊಂಡಿದ್ದೆ ನಿಮ್ಮ ಹತ್ರ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಹೇಳಿದ್ದಕ್ಕಲ್ಲ, ಮೊದಲೇ ಎಚ್ಚರಿಸದೆ ಇದ್ದದ್ದಕ್ಕೆ. ಅವಳಿಗೆ ಆ ವ್ಯತ್ಯಾಸದಿಂದ ಏನಾಗಬೇಕಿತ್ತು? ಅವತ್ತಿನಿಂದ ನಾನು "ಅಕ್ಕ" ಅಲ್ಲ, "ಮೇಡಂ" ಆದೆ.

ನನ್ನ ಮೇಲಧಿಕಾರಿ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಪಳಗಿದ ಹೆಂಗಸು. ನನ್ನನ್ನು ಕೂರಿಸಿಕೊಂಡು ಬೈಯಲಿಲ್ಲ. ಮೊದಲ ಎಚ್ಚರಿಕೆ ಅನ್ನೋದು ಆಫೀಸಿನ ರಕ್ಷಣೆಗೆ ಅಂತ ನೀನು ಅಂದುಕೊಂಡಿದ್ದೀಯ, ಅದು ಅವರ ರಕ್ಷಣೆಗೆ ಇರೋದು ಅಂದರು. ನಾನು ಅದನ್ನು ಮುಖಕ್ಕೆ ಹೊಡೆದ ಹಾಗಿರುವ ಮಾತು ಅಂತಲೇ ತಿಳಿದಿದ್ದೆ. ಅವಳಿಗೆ ಮೊದಲೇ ಹೇಳಿದ್ದರೆ ಅವಳು ಇನ್ನೆಲ್ಲಾದರೂ ಹೋಗಿ ಹೇಳಿಕೊಳ್ಳಬಹುದಿತ್ತು. ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳಿವೆ, 1985ರಲ್ಲಿ ಶುರುವಾದ 'ಮಾನವಿ' ಇದೇ ನ್ಯೂಜೆರ್ಸಿಯದು. ಅಂಥ ಕಡೆ ಕಳಿಸಿ, ಅಲ್ಲಿ ಅತ್ತು ಹಗುರಾಗಿ, ತನ್ನದೇ ಒಬ್ಬ ವಕೀಲರನ್ನು ಕೇಳಿ, ಆ ಲಟ್ಟಣಿಗೆಯ ಮಾತನ್ನು ತಾನೇ ಯಾವಾಗ ಹೇಗೆ ಹೇಳಬೇಕು ಅಂತ ತೀರ್ಮಾನ ಮಾಡಬಹುದಿತ್ತು. ಆ ಅವಕಾಶವನ್ನು ಅವಳಿಂದ ಕಿತ್ತುಕೊಂಡದ್ದು ನಾನು, ಅದೂ ಮರುಕದಿಂದ. ಅವತ್ತೇ ಅವಳಿಗೆ ಆ ಕಡೆಯ ನಂಬರುಗಳನ್ನೆಲ್ಲ ಕೊಟ್ಟೆ. ಹೋದಳು ಅಂತ ಆಮೇಲೆ ಗೊತ್ತಾಯ್ತು.

ಕೇಸು ವಿಚಾರಣೆಗೆ ಹೋಗಲಿಲ್ಲ. ಇಲ್ಲಿ ಹೆಚ್ಚಿನ ಕೇಸುಗಳು ಹೋಗುವುದೂ ಇಲ್ಲ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾನೆ, ಸರ್ಕಾರ ಆರೋಪವನ್ನು ಸ್ವಲ್ಪ ಇಳಿಸುತ್ತದೆ. ಲಟ್ಟಣಿಗೆಯ ಮಾತಿನಿಂದಲೇ ಇಳಿಯಿತಾ, ಅದಿಲ್ಲದಿದ್ದರೂ ಇಳಿಯುತ್ತಿತ್ತಾ ನನಗೆ ಗೊತ್ತಿಲ್ಲ. ಆ ಪ್ರಶ್ನೆ ಈಗಲೂ ಕೆಲವು ರಾತ್ರಿ ಬಂದು ಕೂರುತ್ತದೆ. ಅವಳನ್ನು ಕೇಳಿದರು, ಅವಳ ಅಭಿಪ್ರಾಯ ಬರೆದುಕೊಂಡರು, ಆದರೆ ತೀರ್ಮಾನ ಅವಳದಲ್ಲ. "ಕೇಸು ವಾಪಸ್ ತಗೋತೀನಿ" ಅಂತ ಬರುವವರಿಗೂ ಇದೇ ಉತ್ತರ. ಕೇಸು ಹಾಕಿದ್ದು ನೀವಲ್ಲ, ಸರ್ಕಾರ.

ಶಿಕ್ಷೆ ವಿಧಿಸುವ ದಿನ ಮಾತ್ರ ಅವಳಿಗೆ ಮಾತಾಡುವ ಹಕ್ಕಿತ್ತು. ಈ ಅಪರಾಧದಿಂದ ನನಗೆ ಏನಾಯ್ತು ಅಂತ ಜಡ್ಜಿಗೆ ಹೇಳುವ ಹಕ್ಕು. 1976ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಜೇಮ್ಸ್ ರೋಲ್ಯಾಂಡ್ ಅನ್ನುವ ಪ್ರೊಬೇಷನ್ ಅಧಿಕಾರಿ ಶುರು ಮಾಡಿದ ಪದ್ಧತಿ. ಅಪರಾಧಿಯ ಪೂರ್ವಾಪರವನ್ನೆಲ್ಲ ಪುಟಗಟ್ಟಲೆ ಬರೆದು ಜಡ್ಜಿಗೆ ಕೊಡುತ್ತೇವೆ, ಏಟು ತಿಂದವರದು ಒಂದು ಪುಟವೂ ಇಲ್ಲವಲ್ಲ ಅಂತ ಅವರಿಗೆ ಅನ್ನಿಸಿತಂತೆ. ಈಗ ದೇಶದ ಎಲ್ಲಾ ಕಡೆ ಇದೆ.

"ಬರ್ಕೊಟ್ರೂ ಸಾಕು, ಮಾತಾಡ್ಲೇಬೇಕು ಅಂತಿಲ್ಲ" ಅಂದೆ. "ಮಾತಾಡ್ತೀನಿ ಮೇಡಂ, ಕನ್ನಡದಲ್ಲೇ" ಅಂದಳು. ಏನು ಹೇಳಬೇಕು ಅಂತ ನಾನು ಒಂದು ಅಕ್ಷರ ಹೇಳಿಕೊಡುವಂತಿಲ್ಲ. ಹೇಳಿಕೊಡಲಿಲ್ಲ.

ಆ ದಿನ ಕೋರ್ಟಿನಲ್ಲಿ ಅವಳ ಒಂದು ಪಕ್ಕ ದುಭಾಷಿ, ಇನ್ನೊಂದು ಪಕ್ಕ ನಾನು. ಎರಡು ಮೇಜು ಆಚೆ ಅವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ. ಅವಳು ಮಡಿಚಿದ ಕಾಗದ ತೆಗೆದು ಓದತೊಡಗಿದಳು.

"ಅವನು ನನ್ನ ಕತ್ತು ಹಿಡಿದಾಗ..."

ನಾನು ಬೆಚ್ಚಿದೆ. ಅವನೂ ತಲೆ ಎತ್ತಿದ. ಅವನು! ಏಳು ತಿಂಗಳಲ್ಲಿ ಒಂದು ಸಲವೂ ಅವಳ ಬಾಯಿಂದ ಬರದ ಶಬ್ದ. ದುಭಾಷಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ಆ ಇಂಗ್ಲಿಷಿಗೆ ಅವನು, ಅವರು ಎರಡಕ್ಕೂ ಒಂದೇ ಶಬ್ದ. ಜಡ್ಜಿಗೆ ಏನೂ ಗೊತ್ತಾಗಲಿಲ್ಲ. ಟೈಪ್ ಮಾಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ಆ ಕೋಣೆಯಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತಾಯಿತು.

ನಡುವೆ ಒಂದು ಕಡೆ, ನುಂಗಲು ಆಗದೆ ಎಂಟು ದಿನ ಗಂಜಿ ಕುಡಿದದ್ದು ಹೇಳುವಾಗ, ಅಭ್ಯಾಸಬಲಕ್ಕೆ "ಆಮೇಲೆ ಅವರು" ಅಂದುಬಿಟ್ಟಳು. ನಿಲ್ಲಿಸಿದಳು. ಕಾಗದ ನೋಡಿದಳು. "ಅವನು" ಅಂತ ತಿದ್ದಿಕೊಂಡು ಮುಂದುವರಿದಳು. ದುಭಾಷಿಗೆ ಅನುವಾದ ಮಾಡಲು ಏನೂ ಇರಲಿಲ್ಲ. ಯಾಕೆ ನಿಲ್ಲಿಸಿದಳು ಅಂತ ಜಡ್ಜಿ ಕಾದರು, ನೀರು ಬೇಕಾ ಅಂತ ಕೇಳಿದರು. ಬೇಡ ಅಂದಳು.

ಲಟ್ಟಣಿಗೆಯ ಮಾತನ್ನೂ ಅವಳು ಅವತ್ತು ತಾನಾಗಿಯೇ ಹೇಳಿದಳು. "ನಾನು ಹೊಡೆದದ್ದು ತಪ್ಪು. ಅದನ್ನ ನಾನು ಪೊಲೀಸರಿಗೆ ಮೊದಲೇ ಹೇಳಬೇಕಿತ್ತು. ಹೇಳಿದ್ರೆ ನನ್ನನ್ನೇ ಜೈಲಿಗೆ ಹಾಕ್ತಾರೆ ಅಂತ ಹೆದರಿಕೆ ಆಯ್ತು." ಯಾರೂ ಕೇಳಿರಲಿಲ್ಲ ಅದನ್ನು. ಆ ನಿಜ ಮತ್ತೆ ಅವಳದಾಯಿತು ಅಂತ ನನಗನ್ನಿಸಿತು. ಇದು ನನ್ನ ಸಮಾಧಾನಕ್ಕೆ ನಾನು ಹೇಳಿಕೊಳ್ಳುವ ಮಾತೂ ಇರಬಹುದು.

ಪ್ರೊಬೇಷನ್, ಕಡ್ಡಾಯ ಕೌನ್ಸೆಲಿಂಗ್, ಅವಳ ಹತ್ತಿರ ಸುಳಿಯಬಾರದು ಅಂತ ಆದೇಶ. ಇಷ್ಟು ಆಯಿತು. ಫ್ಯಾಮಿಲಿ ಕೋರ್ಟಿನಲ್ಲಿ ಬೇರೆಯಾಗಿ ಪಡೆದ ರಕ್ಷಣಾ ಆದೇಶವೂ ಅವಳ ಕೈಲಿತ್ತು. ನ್ಯೂಜೆರ್ಸಿಯಲ್ಲಿ ಅಂತಿಮ ಆದೇಶಕ್ಕೆ ಕೊನೆಯ ತಾರೀಕು ಇರುವುದಿಲ್ಲ, ಕೋರ್ಟೇ ತೆಗೆಯುವ ತನಕ ಇರುತ್ತದೆ. ವೀಸಾಕ್ಕೆ ಒಂದು ದಾರಿ ಇತ್ತು. ಇಂಥ ಅಪರಾಧಕ್ಕೆ ಗುರಿಯಾಗಿ ತನಿಖೆಗೆ ನೆರವಾದವರಿಗೆ ಯು-ವೀಸಾ ಅಂತ 2000ದಲ್ಲಿ ಕಾನೂನಾಗಿದೆ. ನೆರವಾದದ್ದು ನಿಜ ಅಂತ ನಮ್ಮಂಥ ಕಚೇರಿ ಸಹಿ ಹಾಕಿದ ಕಾಗದ ಬೇಕು. ಆ ಕಾಗದ ಅವಳಿಗೆ ಸಿಕ್ಕಿತು. ಆದರೆ ವರ್ಷಕ್ಕೆ 10,000 ಜನಕ್ಕೆ ಮಾತ್ರ, ಸಾಲು ಬಹಳ ಉದ್ದ, ವರ್ಷಗಟ್ಟಲೆ ಕಾಯಬೇಕು. ಅವಳು ಬೇರೆ ರಾಜ್ಯಕ್ಕೆ, ಚಿಕ್ಕಮ್ಮನ ಮಗಳ ಮನೆಗೆ ಹೋದಳು. ಫೈಲು ಮುಚ್ಚಿದೆವು. ನಮ್ಮ ಕೆಲಸದಲ್ಲಿ ಹೀಗೇ, ಕತೆಯ ಕೊನೆ ನಮಗೆ ಸಿಗುವುದಿಲ್ಲ.

ಮುಂದಿನ ಯುಗಾದಿಗೆ ಆಫೀಸ್ ಫೋನಿಗೆ ಒಂದು ಮೆಸೇಜ್ ಬಂತು. "ಹಬ್ಬದ ಶುಭಾಶಯಗಳು ಮೇಡಂ. ಕೆಲ್ಸ ಹುಡುಕ್ತಾ ಇದೀನಿ." ಅಕ್ಕ ಅಂತ ಬರೆದಿದ್ದಾಳಾ ಅಂತ ಎರಡು ಸಲ ನೋಡಿದೆ. ಇಲ್ಲ, ಮೇಡಂ ಅಂತಲೇ ಇತ್ತು. ಇರಲಿ ಬಿಡಿ. ಸರ್ಕಾರದ ಸಂಬಳ ತಿನ್ನುವವಳಿಗೆ ಮೇಡಂ ಅನ್ನುವುದೇ ಸರಿ.

ನಮ್ಮ ದೇಶದಲ್ಲೂ ಈಚೆಗೆ ಬದಲಾವಣೆ ಬಂದಿದೆ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ವಿಕ್ಟಿಮ್ ಅನ್ನುವ ಶಬ್ದಕ್ಕೆ ವ್ಯಾಖ್ಯೆ ಸೇರಿ ಜಾರಿಗೆ ಬಂದದ್ದೇ 2009ರ ಡಿಸೆಂಬರ್ 31ಕ್ಕೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ನಿಯಮಗಳಲ್ಲಿ ಮಗುವಿನ ಜೊತೆಗಿರಲು 'ಸಪೋರ್ಟ್ ಪರ್ಸನ್' ಅಂತ ಒಬ್ಬರಿಗೆ ಜಾಗ ಇದೆ. ಅದು ಹೆಚ್ಚು ಕಡಿಮೆ ನನ್ನದೇ ಕೆಲಸ. ಯಾರಾದರೂ ಎಂ.ಎಸ್.ಡಬ್ಲ್ಯೂ ಓದುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಕಡೆ ಒಮ್ಮೆ ನೋಡಿ. ಜನ ಬೇಕಾಗಿದ್ದಾರೆ.

ಅಮೆರಿಕದಲ್ಲಿರುವ ನಮ್ಮ ಹುಡುಗಿಯರಿಗೆ ಎರಡೇ ಮಾತು. ಪೊಲೀಸರು ಬಂದಾಗ ಕನ್ನಡದ ದುಭಾಷಿ ಬೇಕು ಅಂತ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಗಂಡನ ಕಡೆಯವರನ್ನೋ ಪಕ್ಕದ ಮನೆಯವರನ್ನೋ ಅನುವಾದಕ್ಕೆ ನಿಲ್ಲಿಸಬೇಡಿ. ಮತ್ತೆ "ನಮ್ಮನೆಯವರು" ಅನ್ನಬೇಡಿ, ಹೆಸರು ಹೇಳಿ, ಆ ಒಂದು ಸಲಕ್ಕೆ ಏನೂ ಆಗಲ್ಲ. ಎರಡನೆಯದು, ಸಹಾಯ ಮಾಡ್ತೀನಿ ಅಂತ ಯಾರು ಬಂದು ಪಕ್ಕ ಕೂತರೂ, ಅವರು ಎಷ್ಟೇ ನಮ್ಮವರಂತೆ ಕಂಡರೂ, ಮೊದಲು ಕೇಳಿ: "ನಾನು ನಿಮಗೆ ಹೇಳಿದ್ದು ಯಾರಿಗೆ ಹೋಗುತ್ತೆ?" ಗುಟ್ಟಾಗಿ ಮಾತಾಡಬೇಕು ಅಂದ್ರೆ 1-800-799-7233ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ದುಭಾಷಿಯನ್ನೂ ಕೇಳಬಹುದು.

ಈಗ ನಾನು ಯಾರೇ ಬಂದರೂ ಬಾಗಿಲಲ್ಲೇ ನಿಂತು ಗಿಳಿಪಾಠ ಒಪ್ಪಿಸುತ್ತೇನೆ. ಕನ್ನಡದವರು ಬಂದರೆ ಕನ್ನಡದಲ್ಲೇ, ಇನ್ನೂ ನಿಧಾನವಾಗಿ, ಎರಡು ಸಲ. ಆಮೇಲೆ ಯಾವೂರು ಅಂತ ಕೇಳುತ್ತೇನೆ.

ಈ ಕತೆಯನ್ನು ಮೊನ್ನೆ ಅಮ್ಮನಿಗೂ ಫೋನಿನಲ್ಲಿ ಹೇಳಿದೆ, ಹೆಸರು ದೆಸೆ ಏನೂ ಹೇಳದೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಲ್ವೇ, ಆ ಹುಡುಗಿ ನಿನ್ನನ್ನ ಇನ್ನೂ ಮೇಡಂ ಅಂತಾಳಾ?"

"ಹೂಂ."

"ಅಂಥ ಕೆಲಸಕ್ಕೆ ಸಂಬಳ ಕೊಡ್ಲೇಬೇಕು ಬಿಡು" ಅಂದಳು. ಆಮೇಲೆ ಕೇಳಿದಳು, "ಊಟ ಆಯ್ತಾ?"